ಜೂಜು: ಪಾಪವೂ ಹೌದು, ರೋಗವೂ ಹೌದು



ಮದ್ಯ ಮತ್ತು ಜೂಜಿನ ಮೂಲಕ ಶೈತಾನನು ನಮ್ಮ ನಡುವೆ ಹಗೆತನ ಬಿತ್ತುತ್ತಾನೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತಾನೆ ಎಂದು ಸೂರಃ ಅಲ್ ಮಾಇದಃ (5:90-91) ಎಚ್ಚರಿಸುತ್ತದೆ. ಇದು ನಿಮಗೆ ಗೊತ್ತು. ಆದರೆ ಗೊತ್ತಿದ್ದೂ ಬಿಡಲಾಗದ ಗೆಳೆಯ ನಿಮ್ಮ ರೂಮಿನಲ್ಲೇ ಇದ್ದರೆ?

ಮೊದಲು ಲೆಕ್ಕ ನೋಡೋಣ. ಯುಎಇ ಲಾಟರಿಯ ಮೊದಲ ಡ್ರಾ 2024ರ ಡಿಸೆಂಬರ್ 14ರಂದು ನಡೆಯಿತು. ಆಗ ಟಿಕೆಟ್ 50 ದಿರ್ಹಮ್, ದೊಡ್ಡ ಬಹುಮಾನ 10 ಕೋಟಿ ಆಗಿತ್ತು. ಆಗಿನ ನಿಯಮದಂತೆ 31 ದಿನಗಳಲ್ಲಿ 6, 12 ತಿಂಗಳಲ್ಲಿ 1 ಸರಿಹೊಂದಬೇಕಿತ್ತು. ಅಂದರೆ 88,35,372ರಲ್ಲಿ ಒಂದೇ ಅವಕಾಶ. ಅಷ್ಟೂ ಟಿಕೆಟ್ ಕೊಳ್ಳಲು 44 ಕೋಟಿ ದಿರ್ಹಮ್ ಬೇಕಿತ್ತು! ಪರವಾನಗಿ ಇದ್ದ ಮಾತ್ರಕ್ಕೆ ಹರಾಮ್ ಹಲಾಲ್ ಆಗದು.

ಈ ಲೆಕ್ಕ ತಿಳಿದವನೂ ಆಡುತ್ತಾನೆ. ಏಕೆಂದರೆ ಚಟ ಲೆಕ್ಕ ಕೇಳುವುದಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಮದ್ಯ, ಮಾದಕ ದ್ರವ್ಯಗಳ ವ್ಯಸನದ ಸಾಲಿಗೆ ಸೇರಿಸಿತು. ಅಲ್ಲಿ 43,000 ಜನರನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೂಜಿನ ಚಟವುಳ್ಳವರ ಪೈಕಿ ಸುಮಾರು 60 ಶೇಕಡಾ ಮಂದಿಗೆ ವ್ಯಕ್ತಿತ್ವದ ಅಸ್ವಸ್ಥತೆಯೂ ಕಂಡುಬಂತು. ಒಟ್ಟು ಜನರಲ್ಲಿ ಅದು ಸುಮಾರು 15 ಶೇಕಡಾ ಮಾತ್ರ.

ವ್ಯಕ್ತಿತ್ವದ ಅಸ್ವಸ್ಥತೆ ಎಂದರೆ ಹುಚ್ಚಲ್ಲ. ಯೋಚಿಸುವ, ಸಿಟ್ಟಾಗುವ, ಸಂಬಂಧ ಇಟ್ಟುಕೊಳ್ಳುವ ರೀತಿಯೇ ಯೌವನದಿಂದಲೂ ಬಿಗಿದುಕೊಂಡು, ತನಗೂ ಇತರರಿಗೂ ತೊಂದರೆ ಕೊಡುವುದು. ಕೆಲವರಲ್ಲಿ ಆವೇಗ ಹೆಚ್ಚು. ಮನಸ್ಸು ಬಯಸಿದ್ದನ್ನು ತಕ್ಷಣ ಮಾಡಿಬಿಡುತ್ತಾರೆ. ಕೆಲವರಿಗೆ ಒಂಟಿತನ ತಡೆಯಲಾಗದು. ಇಂಥವರಿಗೆ ಬರೀ ಬೈಗುಳ ನಾಟದು. ಚಟಕ್ಕೂ ಸ್ವಭಾವಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಆದರೆ ಯಾರಿಗೆ ಏನಿದೆ ಎಂದು ಹೇಳಬೇಕಾದವರು ವೈದ್ಯರು, ನಾವಲ್ಲ.

ನೀವು ಮಾಡಬಹುದಾದದ್ದು:

1. ಅವನ ಕೈಗೆ ನಗದು ಸಾಲ ಕೊಡಬೇಡಿ. ಊಟ ಕೊಡಿ, ಜೊತೆಗೆ ಕೂರಿ.
2. ಸಂಬಳದ ದಿನವೇ ಮನೆಗೆ ಹಣ ಕಳುಹಿಸಲು ಅವನೊಂದಿಗೆ ಎಕ್ಸ್‌ಚೇಂಜ್‌ಗೆ ಹೋಗಿ.
3. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ (9:60) ಸಾಲಗಾರರೂ ಇದ್ದಾರೆ. ತೌಬಾ ಮಾಡಿದವನ ಸಾಲದ ಬಗ್ಗೆ ಉಸ್ತಾದರಲ್ಲಿ ಕೇಳಿ.
4. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಭಾರತೀಯ ಕಾನ್ಸುಲೇಟ್‌ನ ಸಹಾಯವಾಣಿ 800 46342. ಊರಿನಲ್ಲಿರುವ ಮನೆಯವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಗಲಿಡೀ ನೀರನ್ನೇ ಬಿಡಬಲ್ಲ ಈ ತಿಂಗಳು, ಆ ಸಹೋದರನ ಚಿಕಿತ್ಸೆ ಆರಂಭಿಸಲು ಒಳ್ಳೆಯ ಸಮಯ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ. ಆಮೀನ್.