ಧಾರಾವಾಹಿಯ ಖರ್ಚು ಯಾರದು, ಗಳಿಕೆ ಯಾರದು?

ಸಂಜೆಯಾದರೆ ನಮ್ಮ ಅನೇಕ ಮನೆಗಳಲ್ಲಿ ಕನ್ನಡ ಧಾರಾವಾಹಿಯ ಸದ್ದು ಕೇಳುತ್ತದೆ. ಕಥೆಯ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಅದರ ಖರ್ಚುವೆಚ್ಚದ ಬಗ್ಗೆ ವಿಚಾರಿಸುವುದು ಕಡಿಮೆ. ಆ ಲೆಕ್ಕವನ್ನು ಇಲ್ಲಿ ತಿಳಿಯೋಣ.

ಧಾರಾವಾಹಿ ತಯಾರಿಕೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ವಾಹಿನಿಯೇ ನಿರ್ಮಾಪಕರಿಗೆ ಕಂತಿಗೆ ಇಂತಿಷ್ಟು ಎಂದು ಹಣ ಕೊಡುತ್ತದೆ. ಜಾಹೀರಾತಿನ ಲಾಭನಷ್ಟ ವಾಹಿನಿಯದು; ಸಾಮಾನ್ಯವಾಗಿ ಧಾರಾವಾಹಿಯ ಹಕ್ಕೂ ಅದರದೇ. ಎರಡನೆಯದು ಪ್ರಾಯೋಜಿತ ಪದ್ಧತಿ. ನಿರ್ಮಾಪಕರು ಶುಲ್ಕ ಕಟ್ಟಿ ಸಮಯ ಪಡೆಯುತ್ತಾರೆ. ಅದರೊಂದಿಗೆ ದೊರೆಯುವ ಜಾಹೀರಾತಿನ ಸೆಕೆಂಡುಗಳನ್ನು ಮಾರಿ ಖರ್ಚು ಹುಟ್ಟಿಸಿಕೊಳ್ಳುತ್ತಾರೆ. 1984ರಲ್ಲಿ ದೂರದರ್ಶನದ 'ಹಮ್ ಲೋಗ್' ಪ್ರಾಯೋಜಕರ ನೆರವಿನಿಂದಲೇ ಬಂದಿತು. ಜಾಹೀರಾತು ಸಿಗದಿದ್ದರೆ ಇಲ್ಲಿ ನಷ್ಟ ನಿರ್ಮಾಪಕರದು. ಆಗ ಚಿತ್ರೀಕರಣದ ದಿನಗಳು ಕಡಿಮೆಯಾಗಿ, ದಿನದ ಲೆಕ್ಕದಲ್ಲಿ ದುಡಿಯುವವರ ಸಂಪಾದನೆಯೂ ಕುಗ್ಗುತ್ತದೆ.

ತಯಾರಾದ ಕಾರ್ಯಕ್ರಮವನ್ನು ಬೇರೆ ಬೇರೆ ಕೇಂದ್ರಗಳಿಗೆ ಪ್ರತ್ಯೇಕವಾಗಿ ಮಾರುವುದಕ್ಕೆ ಅಮೆರಿಕದಲ್ಲಿ 'ಸಿಂಡಿಕೇಷನ್' ಎನ್ನುತ್ತಾರೆ. 1951ರಲ್ಲಿ 'ಐ ಲವ್ ಲ್ಯೂಸಿ' ಆರಂಭವಾದಾಗ ಲ್ಯೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ದಂಪತಿಗಳು ಕಡಿಮೆ ಸಂಭಾವನೆಗೆ ಒಪ್ಪಿ, ಫಿಲ್ಮಿನ ಒಡೆತನವನ್ನು ತಮ್ಮಲ್ಲೇ ಉಳಿಸಿಕೊಂಡರು. ಮುಂದೆ ಆ ಹಕ್ಕೇ ಅವರಿಗೆ ಅಪಾರ ಹಣ ತಂದಿತು. ನಮ್ಮ ದುಬೈಯಿಂದ ಪ್ರಸಾರ ಮಾಡುತ್ತಿದ್ದ ಎಂಬಿಸಿ ವಾಹಿನಿಯೂ 2008ರಲ್ಲಿ ಟರ್ಕಿಯ ಧಾರಾವಾಹಿಯೊಂದನ್ನು ಅರಬ್ಬಿಗೆ ಡಬ್ ಮಾಡಿ 'ನೂರ್' ಎಂದು ತೋರಿಸಿತು, ಅದು ಮನೆಮಾತಾಯಿತು. ಹೊಸದನ್ನು ತಯಾರಿಸುವುದಕ್ಕಿಂತ ಸಿದ್ಧವಾದುದನ್ನು ಕೊಳ್ಳುವುದು ಬಹಳ ಅಗ್ಗ.

ಕನ್ನಡದಲ್ಲಿ ಡಬ್ಬಿಂಗ್ ವಿವಾದ ಹುಟ್ಟಿದ್ದಕ್ಕೆ ಈ ಅಗ್ಗದ ಲೆಕ್ಕವೂ ಒಂದು ಕಾರಣ. ಕೆಲಸ ಹೋದೀತೆಂದು ಕಲಾವಿದರು, ತಂತ್ರಜ್ಞರು ದಶಕಗಳ ಕಾಲ ಡಬ್ಬಿಂಗನ್ನು ವಿರೋಧಿಸಿದರು. ಯಾವುದೇ ಕಾರ್ಯಕ್ರಮವನ್ನು ತಮ್ಮ ಭಾಷೆಯಲ್ಲೇ ನೋಡುವ ಹಕ್ಕು ತಮಗಿದೆ ಎಂದು ಕೆಲವು ಪ್ರೇಕ್ಷಕರು ವಾದಿಸಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪಿತ್ತಿತು. 2020ರಲ್ಲಿ ಕೊರೊನಾದಿಂದ ಚಿತ್ರೀಕರಣ ನಿಂತಾಗ ಹಿಂದಿಯ 'ಮಹಾಭಾರತ' ಸ್ಟಾರ್ ಸುವರ್ಣದಲ್ಲಿ ಕನ್ನಡ ಮಾತನಾಡಿತು. ಅನುವಾದಕರಿಗೆ, ಧ್ವನಿ ಕೊಡುವವರಿಗೆ ಕೆಲಸವಾಯಿತು. ಆದರೆ ಬಣ್ಣ ಹಚ್ಚುವವರಿಗೆ, ದೀಪ ಹಿಡಿಯುವವರಿಗೆ, ಊಟ ಬಡಿಸುವವರಿಗೆ ಡಬ್ಬಿಂಗ್‌ನಲ್ಲಿ ಕೆಲಸವಿಲ್ಲ.

ಮಕ್ಕಳೇ, ಮನೆಯಲ್ಲಿ ಹಿರಿಯರೊಂದಿಗೆ ಚರ್ಚಿಸಿ:

1. ನೀವು ನಟರಾಗಿದ್ದರೆ ಇಂದಿನ ಹೆಚ್ಚಿನ ಸಂಭಾವನೆ ಕೇಳುವಿರೋ, ನಾಳೆಯ ಹಕ್ಕಿನ ಪಾಲು ಕೇಳುವಿರೋ?

2. ಹೊರನಾಡಿನಲ್ಲಿರುವ ನಮಗೆ ಕನ್ನಡ ಕಲಿಯಲು ಡಬ್ ಆದ ಧಾರಾವಾಹಿ ನೆರವಾದೀತೇ?

3. ಇಂದು ರಾತ್ರಿ ಕೊನೆಯಲ್ಲಿ ಬರುವ ಹೆಸರುಗಳನ್ನು ಓದಿ. ಎಷ್ಟು ಬಗೆಯ ಕೆಲಸಗಳಿವೆ ಎಂದು ಪಟ್ಟಿ ಮಾಡಿ.