ಕೃಷಿ ಹೊಂಡದ ನೀರು: ಆವಿಯೋ, ಸೋರಿಕೆಯೋ?

ಬೇಸಿಗೆ ಕಾಲಿಡುತ್ತಿದ್ದಂತೆ "ಹೊಂಡದಲ್ಲಿ ನೀರು ನಿಲ್ಲುತ್ತಿಲ್ಲ, ಪಾಲಿಥೀನ್ ಹೊದಿಕೆ ಹಾಕಿಸಿಕೊಡಿ" ಎಂಬ ಅರ್ಜಿಗಳು ಗ್ರಾಮ ಪಂಚಾಯಿತಿಗೆ ಬರತೊಡಗುತ್ತವೆ. ನೀರು ಇಳಿದಿರುವುದು ನಿಜ; ಆದರೆ ಅದೆಲ್ಲವೂ ಸೋರಿಕೆಯಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲು, ಗಾಳಿಗಳಿಗೇ ದಿನಕ್ಕೆ 6ರಿಂದ 8 ಮಿ.ಮೀ. ನೀರು ಆವಿಯಾಗಬಹುದು. ನೀರಿನ ಹರವು 10 ಮೀಟರ್ ಉದ್ದ, 10 ಮೀಟರ್ ಅಗಲವಿದ್ದರೆ 1 ಮಿ.ಮೀ. ಇಳಿತವೆಂದರೆ 100 ಲೀಟರ್. ಅಂದರೆ ಯಾವ ದೋಷವೂ ಇಲ್ಲದ ಹೊಂಡವೂ ತಿಂಗಳಿಗೆ ಅರ್ಧ ಅಡಿಗಿಂತ ಹೆಚ್ಚು ಇಳಿಯುತ್ತದೆ. ತಳಕ್ಕೆ ಹಾಸುವ ಹೊದಿಕೆ ಇದನ್ನು ತಡೆಯಲಾರದು. ಹಣ ಮಾತ್ರ ವೆಚ್ಚವಾಗುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಬಕೆಟ್ ಸಾಕು. ಹೊಂಡದ ಮೆಟ್ಟಿಲಿನ ಮೇಲೆ ಅಥವಾ ಅಂಚಿನ ಆಳವಿಲ್ಲದ ಕಡೆ, ಬಾಯಿ ನೀರಿನಿಂದ ಮೇಲಿರುವಂತೆ ಬಕೆಟನ್ನು ಇರಿಸಿ, ಅಲುಗದಂತೆ ಒಳಗೆ ಕಲ್ಲು ಹಾಕಬೇಕು. ಹೊರಗಿನ ನೀರಿನ ಮಟ್ಟಕ್ಕೆ ಸಮನಾಗಿ ಒಳಗೂ ಹೊಂಡದ ನೀರನ್ನೇ ತುಂಬಿ, ಒಳಗೊಂದು ಹೊರಗೊಂದು ಗುರುತು ಹಾಕಬೇಕು. 24 ಗಂಟೆಗಳ ಕಾಲ ಪಂಪು ನಡೆಸಬಾರದು, ದನಕರುಗಳನ್ನು ಬಿಡಬಾರದು. ಮಳೆ ಬಂದರೆ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಹೊದಿಕೆಯಿರುವ ಹೊಂಡದಲ್ಲಿ ಕಾಲು ಜಾರಿದರೆ ಮೇಲೇರುವುದು ಈಜು ಬಲ್ಲವರಿಗೂ ಕಷ್ಟ. ಅಲ್ಲಿ ಒಬ್ಬರೇ ಇಳಿಯುವುದು ಸಲ್ಲದು. ಸೊಂಟಕ್ಕೆ ಹಗ್ಗವಿರಬೇಕು, ದಂಡೆಯ ಮೇಲೆ ಹಗ್ಗ ಹಿಡಿದವರಿರಬೇಕು.

ಮರುದಿನ ಬಕೆಟಿನೊಳಗೆ 7 ಮಿ.ಮೀ., ಹೊರಗೆ 19 ಮಿ.ಮೀ. ಇಳಿದಿದೆ ಎನ್ನೋಣ. ಒಳಗಿನದು ಆವಿಯಾದ ನೀರು. ವ್ಯತ್ಯಾಸದ 12 ಮಿ.ಮೀ., ಅಂದರೆ ಮೇಲೆ ಹೇಳಿದ ಹೊಂಡದಲ್ಲಿ 1,200 ಲೀಟರ್, ಮಣ್ಣಿಗೆ ಇಳಿದದ್ದು. ಒಂದೆರಡು ಮಿ.ಮೀ. ವ್ಯತ್ಯಾಸ ಅಳತೆಯ ದೋಷವೂ ಆಗಿರಬಹುದಾದ್ದರಿಂದ ಮೂರು ದಿನ ಅಳೆಯುವುದು ಲೇಸು.

ಸೋರಿಕೆ ಖಚಿತವಾದರೂ ಹೊದಿಕೆಯೇ ಪರಿಹಾರವೆಂದೇನಿಲ್ಲ. ನೀರು ಬೇಗನೆ ಇಳಿದು ಒಂದು ಮಟ್ಟಕ್ಕೆ ಬಂದು ನಿಂತರೆ, ದೋಷ ಆ ಮಟ್ಟದ ಆಸುಪಾಸಿನಲ್ಲಿದೆ: ಏಡಿ ಅಥವಾ ಹೆಗ್ಗಣದ ಬಿಲ, ಪೈಪಿನ ಸುತ್ತಲಿನ ಸಂದು, ಮರದ ಬೇರು. ಇಂಥವನ್ನು ಜೇಡಿಮಣ್ಣು ಮೆತ್ತಿ, ಗುದ್ದಿ ಮುಚ್ಚಬಹುದು. ಎಲ್ಲಿಯೂ ನಿಲ್ಲದೆ ಕೊನೆಯವರೆಗೂ ಇಳಿಯುತ್ತಲೇ ಹೋದರೆ ತಳದ ಮಣ್ಣೇ ಗರಸು ಅಥವಾ ಮರಳಾಗಿರಬಹುದು. ಹೊದಿಕೆಯ ಬೇಡಿಕೆಗೆ ಆಗ ಅರ್ಥವಿದೆ.

ಇಂಗುಕೆರೆಗಳ ಮಾತು ಬೇರೆ. ಅವುಗಳನ್ನು ಕಟ್ಟಿರುವುದೇ ನೀರು ಇಂಗಲೆಂದು. ಅಲ್ಲಿ ನೀರು ನಿಂತಿಲ್ಲವೆಂದು ಕಾಮಗಾರಿಯನ್ನು ಕಳಪೆ ಎಂದು ಬರೆಯುವ ಮುನ್ನ ಕೆಳಭಾಗದ ಬಾವಿಗಳ ನೀರಿನ ಮಟ್ಟವನ್ನು ನೋಡಬೇಕು.

ಮೂರು ದಿನಗಳ ಅಳತೆಯನ್ನು ವಾರ್ಡಿನ ಸದಸ್ಯರ ಸಮಕ್ಷಮ ಬರೆದು ಅರ್ಜಿಗೆ ಲಗತ್ತಿಸಿದರೆ, ಯಾವ ಹೊಂಡಕ್ಕೆ ಮೊದಲು ಹೊದಿಕೆ ಎಂಬ ಪ್ರಶ್ನೆಯನ್ನು ಗ್ರಾಮಸಭೆ ಅಂಕಿಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಬಹುದು.