ಮಗನನ್ನು ಟ್ರಯಲ್‌ಗೆ ಸೇರಿಸಬಹುದೆ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ. ಮನೆಯಲ್ಲೇ ಪವರ್‌ಲೂಮ್ ಹಾಕಿಕೊಂಡಿದ್ದೇವೆ. ಮಗನಿಗೆ 13 ವರ್ಷ. ಎರಡು ವರ್ಷದ ಹಿಂದೆ ಹೊಟ್ಟೆ ನುಲಿತ, ಲೂಸ್ ಮೋಷನ್ ಶುರುವಾಗಿ ತೂಕ ಇಳಿಯುತ್ತಾ ಬಂತು. ಮೊದಲು ಕರುಳಿನ ಟಿಬಿ ಇರಬಹುದು ಅಂತ ಮಾತ್ರೆ ಕೊಟ್ಟರು. ಆಮೇಲೆ ಬೆಂಗಳೂರಿನಲ್ಲಿ ಇನ್ನೊಮ್ಮೆ ಸ್ಕೋಪಿ ಮಾಡಿ ಕ್ರೋನ್ಸ್ ಕಾಯಿಲೆ ಅಂದರು. ಸ್ಟೆರಾಯ್ಡ್ ತೆಗೆದುಕೊಂಡಾಗ ಮುಖ ಊದಿಕೊಂಡು ಶಾಲೆಯಲ್ಲಿ ಎಲ್ಲರೂ ‘ಬನ್ನು’ ಅಂತ ಆಡಿಕೊಂಡರು. ಈಗ ಹದಿನೈದು ದಿನಕ್ಕೊಮ್ಮೆ ಅಡಾಲಿಮುಮ್ಯಾಬ್ ಇಂಜೆಕ್ಷನ್. ಅದೂ ಈಚೆಗೆ ಮೊದಲಿನಷ್ಟು ಹಿಡಿಯುತ್ತಿಲ್ಲ. ಹೋದ ಸಲ ಡಾಕ್ಟರು, ‘ಮಕ್ಕಳಿಗೆ ಹೊಸ ಔಷಧಿಯ ಸ್ಟಡಿ ಶುರುವಾಗುತ್ತಿದೆ, ಯೋಚನೆ ಮಾಡಿ’ ಅಂದರು. ಔಷಧಿ ಫ್ರೀ ಅಂದ ಕೂಡಲೇ ನಮ್ಮ ಯಜಮಾನರು ಒಪ್ಪಿಬಿಟ್ಟರು. ಅತ್ತೆ ಮಾತ್ರ ‘ನನ್ನ ಮೊಮ್ಮಗನ ಮೇಲೆ ಪ್ರಯೋಗ ಮಾಡೋಕೆ ನಾನು ಬಿಡಲ್ಲ’ ಅಂತ ಊಟ ಬಿಟ್ಟು ಕೂತಿದ್ದಾರೆ. ಮಗ ಏನೂ ಹೇಳುವುದಿಲ್ಲ. ನಾನೇನು ಮಾಡಲಿ?
– ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಶುರುಮಾಡುತ್ತೇನೆ ತಾಯಿ. ವಯಸ್ಸಾದವರ ಹೆದರಿಕೆ ಎಂದು ಅದನ್ನು ತಳ್ಳಿಹಾಕುವ ಹಾಗಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನವೊಂದು ನಡೆಯಿತು. ಲಸಿಕೆ ಹಾಕಿಸಿಕೊಂಡವರು 10ರಿಂದ 14 ವರ್ಷದ ಹೆಣ್ಣುಮಕ್ಕಳು. ಹಾಸ್ಟೆಲಿನಲ್ಲಿದ್ದ ಎಷ್ಟೋ ಮಕ್ಕಳ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ವಾರ್ಡನ್. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಹೊರಬಿದ್ದು 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿಯೇ ಖಂಡಿಸಿತು. ಹಾಗಾಗಿ ಅತ್ತೆಯವರ ಗುಮಾನಿಗೆ ಬೇರು ಇದೆ. ಅವರನ್ನು ಗದರಿಸಿ ಸುಮ್ಮನಾಗಿಸಬೇಡಿ.

ಆದರೆ ಅವರಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ನಿಮ್ಮ ಮಗನ ಮೇಲೆ ಒಂದು ಪ್ರಯೋಗ ಆಗಲೇ ನಡೆದುಹೋಗಿದೆ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಸ್ಕೋಪಿಯಲ್ಲೂ ಬಯಾಪ್ಸಿಯಲ್ಲೂ ಒಂದರಂತೆ ಇನ್ನೊಂದು ಕಾಣುತ್ತವೆ. ನಮ್ಮ ದೇಶದಲ್ಲಿ ಟಿಬಿ ಹೆಚ್ಚು. ಅದಕ್ಕೇ ಅನುಮಾನವಿದ್ದಾಗ ಟಿಬಿ ಮಾತ್ರೆ ಕೊಟ್ಟು, ಗುಣ ಕಂಡರೆ ಟಿಬಿ, ಕಾಣದಿದ್ದರೆ ಕ್ರೋನ್ಸ್ ಎಂದು ತಿಳಿಯುವ ರೂಢಿ ಇದೆ. ಅದರಲ್ಲಿ ತಪ್ಪೇನಿಲ್ಲ. ಕ್ರೋನ್ಸ್ ಎಂದುಕೊಂಡು ಟಿಬಿ ಇರುವ ಮಗುವಿಗೆ ಸ್ಟೆರಾಯ್ಡ್ ಕೊಟ್ಟರೆ ಅನಾಹುತ. ನಾನು ಹೇಳುವುದು ಇಷ್ಟೆ: ಕೊಟ್ಟು ನೋಡುವುದು ಮಕ್ಕಳ ಚಿಕಿತ್ಸೆಯಲ್ಲಿ ದಿನಾ ನಡೆಯುತ್ತದೆ, ಯಾವ ಕಾಗದಕ್ಕೂ ಸಹಿ ಇಲ್ಲದೆ.

ಈ ಕಾಯಿಲೆಯ ಔಷಧಿಗಳ ಚರಿತ್ರೆ ನೋಡಿದರೆ ಅದು ಇನ್ನೂ ಸ್ಪಷ್ಟ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿಯನ್ನು ಕ್ರೋನ್ಸ್ ಇರುವ ದೊಡ್ಡವರಿಗೆ ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಮಕ್ಕಳ ಸರದಿ ಬಂದದ್ದು 2006ರಲ್ಲಿ. ನಿಮ್ಮ ಮಗ ತೆಗೆದುಕೊಳ್ಳುತ್ತಿರುವ ಅಡಾಲಿಮುಮ್ಯಾಬ್‌ನದೂ ಅದೇ ಕತೆ: ದೊಡ್ಡವರಿಗೆ 2007, ಮಕ್ಕಳಿಗೆ 2014. ನಡುವಿನ ಏಳೆಂಟು ವರ್ಷ ಮಕ್ಕಳು ಕಾಯಿಲೆ ಬೀಳದೆ ಇದ್ದರೇ? ಡಾಕ್ಟರುಗಳು ದೊಡ್ಡವರ ಲೆಕ್ಕ ಹಿಡಿದು, ತೂಕ ನೋಡಿ, ತಮ್ಮ ಅನುಭವದ ಮೇಲೆ ಕೊಡುತ್ತಿದ್ದರು. ಕೆಲವರಿಗೆ ಹಿಡಿಯಿತು, ಕೆಲವರಿಗೆ ಇಲ್ಲ. ಯಾರಿಗೆ ಏಕೆ ಹಿಡಿಯಲಿಲ್ಲ ಎಂದು ಕ್ರಮವಾಗಿ ಬರೆದಿಡುವವರು ಕಡಿಮೆ.

ಟ್ರಯಲ್ ಮಾಡುವುದು ಆ ಬರೆದಿಡುವ ಕೆಲಸವನ್ನು. 2007ರಲ್ಲಿ ಪ್ರಕಟವಾದ ಇನ್‌ಫ್ಲಿಕ್ಸಿಮ್ಯಾಬ್‌ನ ಮಕ್ಕಳ ಟ್ರಯಲ್ ನೋಡಿ. ಹೆಸರು ‘ರೀಚ್’. ಆರರಿಂದ ಹದಿನೇಳು ವರ್ಷದ 112 ಮಕ್ಕಳಿದ್ದರು. ಎಲ್ಲರಿಗೂ ಮೊದಲು ಅಸಲಿ ಔಷಧಿಯನ್ನೇ ಕೊಟ್ಟರು. ಹತ್ತನೇ ವಾರಕ್ಕೆ ನೂರಕ್ಕೆ 88 ಮಕ್ಕಳಲ್ಲಿ ಗುಣ ಕಂಡಿತು. ಅವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರಕ್ಕೊಮ್ಮೆ, ಇನ್ನೊಂದಕ್ಕೆ ಹನ್ನೆರಡು ವಾರಕ್ಕೊಮ್ಮೆ ಕೊಟ್ಟರು. ಒಂದು ವರ್ಷ ಕಳೆದಾಗ ಕಾಯಿಲೆ ಹತೋಟಿಯಲ್ಲಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 56, ಎರಡನೆಯದರಲ್ಲಿ 24. ಎಂಟು ವಾರಕ್ಕೊಮ್ಮೆ ಕೊಡಬೇಕು ಎಂಬುದು ಇಂದು ಗಟ್ಟಿಯಾಗಿ ಗೊತ್ತಿದ್ದರೆ ಅದು ಆ ಮಕ್ಕಳಿಂದ.

ಹಾಗಂತ ಕಣ್ಣುಮುಚ್ಚಿ ಸಹಿ ಹಾಕಿ ಎಂದು ನಾನು ಹೇಳುತ್ತಿಲ್ಲ. ‘ಸ್ಟಡಿ’ ಎಂದರಲ್ಲ ಡಾಕ್ಟರು, ಅದು ಯಾವ ಸ್ಟಡಿ ಎಂಬುದೇ ನಿಮ್ಮ ಪತ್ರದಲ್ಲಿಲ್ಲ. ಎಲ್ಲ ಟ್ರಯಲ್ ಔಷಧಿಯದೂ ಅಲ್ಲ. ಕ್ರೋನ್ಸ್ ಮಕ್ಕಳಿಗೆ ಆಹಾರದ ಪಥ್ಯವನ್ನೇ ಪರೀಕ್ಷಿಸಿದ ಟ್ರಯಲ್‌ಗಳಿವೆ. ದೆಹಲಿಯ ಏಮ್ಸ್‌ನವರು ಕ್ರೋನ್ಸ್‌ನ ಹತ್ತಿರದ ನಂಟಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್ ಇದ್ದ ದೊಡ್ಡವರ ಕರುಳಿಗೆ ಹಳ್ಳಿಯ ಆರೋಗ್ಯವಂತರ ಮಲದಿಂದ ತೆಗೆದ ಸೂಕ್ಷ್ಮಜೀವಿಗಳನ್ನು ಹಾಕಿ, ಜೊತೆಗೆ ಪಥ್ಯ ಮಾಡಿಸಿ ನೋಡಿದ್ದಾರೆ. (ಅತ್ತೆಯವರಿಗೆ ಇದನ್ನು ಊಟದ ಹೊತ್ತಿನಲ್ಲಿ ಹೇಳಬೇಡಿ.) ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ, ಸೋರಿಯಾಸಿಸ್‌ಗೆಂದು ತಂದ ತನ್ನ ಇಟೋಲಿಝುಮ್ಯಾಬ್ ಅನ್ನು ಕೊಲೈಟಿಸ್‌ಗೆ ಪರೀಕ್ಷಿಸಿದಾಗ ಸೇರಿಸಿಕೊಂಡದ್ದು ವಯಸ್ಕರನ್ನು. ಒಂದು ಗುಂಪಿಗೆ ಹೊಸ ಔಷಧಿ, ಒಂದಕ್ಕೆ ಅಡಾಲಿಮುಮ್ಯಾಬ್, ಒಂದಕ್ಕೆ ಪ್ಲಸೀಬೊ, ಅಂದರೆ ಔಷಧಿಯಂತೆ ಕಾಣುವ ಖಾಲಿ ಇಂಜೆಕ್ಷನ್. ನಿಮ್ಮ ಡಾಕ್ಟರು ಹೇಳುತ್ತಿರುವ ಔಷಧಿಯೂ ದೊಡ್ಡವರ ಟ್ರಯಲ್ ದಾಟಿ ಬಂದಿದೆಯೇ? ಇದನ್ನು ಮೊದಲು ಕೇಳಿ. ‘ಹೌದು’ ಎಂಬ ಉತ್ತರ ಬಾರದಿದ್ದರೆ ನಾನು ನಿಮ್ಮ ಜಾಗದಲ್ಲಿ ಹಿಂಜರಿಯುತ್ತೇನೆ.

ಪ್ಲಸೀಬೊ ವಿಷಯ ಬಿಡಿಸಿ ಕೇಳಿ. ನಿಮ್ಮ ಮಗನಿಗೆ ಬರೀ ಖಾಲಿ ಇಂಜೆಕ್ಷನ್ ಸಿಗುವ ಸಾಧ್ಯತೆ ಇದೆಯೆ, ಇದ್ದರೆ ಎಷ್ಟು ವಾರ, ನಡುವೆ ಕಾಯಿಲೆ ಕೆರಳಿದರೆ ಯಾವ ಹಂತದಲ್ಲಿ ಅಸಲಿ ಔಷಧಿಗೆ ಬದಲಾಯಿಸುತ್ತಾರೆ ಎಂಬುದನ್ನು ಕಾಗದದಲ್ಲೇ ಬೆರಳಿಟ್ಟು ತೋರಿಸಲಿ. ಇನ್ನೊಂದು ಕಡೆ ಜನ ಎಡವುತ್ತಾರೆ. ಹೊಸದನ್ನು ಶುರುಮಾಡುವ ಮೊದಲು ಹಳೆಯ ಔಷಧಿ ಮೈಯಿಂದ ಇಳಿಯಲಿ ಎಂದು ಕೆಲವು ಟ್ರಯಲ್‌ಗಳಲ್ಲಿ ಕೆಲವು ವಾರ ಖಾಲಿ ಬಿಡುತ್ತಾರೆ. ಆಗ ಕಾಯಿಲೆ ತಲೆಯೆತ್ತಬಹುದು. ಆ ವಾರಗಳು ಪರೀಕ್ಷೆಯ ತಿಂಗಳಲ್ಲಿ ಬರುತ್ತವೆಯೇ ಎಂದು ನೋಡಿಕೊಳ್ಳಿ. ಎಷ್ಟು ಸಲ ಸ್ಕೋಪಿ, ಮಂಪರು ಕೊಟ್ಟು ಮಾಡುತ್ತಾರೆಯೇ, ಮಲಪರೀಕ್ಷೆಯಲ್ಲೇ ಮುಗಿಯುವುದಕ್ಕೆ ಸ್ಕೋಪಿ ಏಕೆ, ಇದನ್ನೆಲ್ಲ ಕೇಳಲು ಸಂಕೋಚ ಬೇಡ. ನಿಮ್ಮ ಮಗ ಇವೆಲ್ಲದರಲ್ಲಿ ಹೆದರುವುದು, ನನ್ನ ಅನುಮಾನ, ಹಿಂದಿನ ದಿನ ಲೀಟರ್‌ಗಟ್ಟಲೆ ಕುಡಿಯಬೇಕಾದ ಆ ಪೌಡರ್ ನೀರಿಗೆ.

ಟ್ರಯಲ್‌ಗಿಂತ ಮೊದಲು ಕೇಳಬೇಕಾದದ್ದು ಒಂದಿದೆ. ಈಗಿನ ಇಂಜೆಕ್ಷನ್ ನಿಜವಾಗಿಯೂ ಸೋತಿದೆಯೆ? ರಕ್ತದಲ್ಲಿ ಅದರ ಮಟ್ಟ ಎಷ್ಟಿದೆ, ಅದಕ್ಕೆ ವಿರುದ್ಧವಾಗಿ ದೇಹ ಪ್ರತಿಕಾಯ ಬೆಳೆಸಿಕೊಂಡಿದೆಯೆ ಎಂದು ನೋಡುವ ಪರೀಕ್ಷೆ ಇದೆ. ಮಟ್ಟ ಕಡಿಮೆ ಇದ್ದರೆ ವಾರಕ್ಕೊಮ್ಮೆ ಕೊಟ್ಟು ನೋಡುವುದುಂಟು. ಇನ್‌ಫ್ಲಿಕ್ಸಿಮ್ಯಾಬ್‌ಗೆ ಬದಲಾಯಿಸುವುದುಂಟು. ಆರರಿಂದ ಎಂಟು ವಾರ ಬೇರೆ ಊಟ ಬಿಟ್ಟು ಪೋಷಕಾಂಶದ ದ್ರವಾಹಾರವನ್ನೇ ಕೊಟ್ಟರೆ ಸ್ಟೆರಾಯ್ಡ್ ಇಲ್ಲದೆಯೂ ಎಷ್ಟೋ ಕ್ರೋನ್ಸ್ ಮಕ್ಕಳ ಕರುಳು ಮಾಗುತ್ತದೆ. ಮುದ್ದೆ ಸಾರು ಬಿಟ್ಟಿರುವುದು ಹುಡುಗನಿಗೆ ಕಷ್ಟ, ನಿಜ. ಇವುಗಳಲ್ಲಿ ಯಾವುದನ್ನು ಮಾಡಿ ಆಗಿದೆ, ಯಾವುದು ಬಾಕಿ ಇದೆ ಎಂದು ತಿಳಿದ ಮೇಲೆ ಟ್ರಯಲ್ ಎಲ್ಲಿ ನಿಲ್ಲುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಸುಮ್ಮನೆ ಮುಂದೂಡುತ್ತಾ ಕೂರುವುದಕ್ಕೂ ಬೆಲೆ ಇದೆ. ಉರಿಯೂತವೂ ಸ್ಟೆರಾಯ್ಡೂ ಎರಡೂ ಮಕ್ಕಳ ಎತ್ತರ ತಡೆಯುತ್ತವೆ, ನಿಮ್ಮ ಹುಡುಗನಿಗೆ ಬೆಳೆಯುವ ವಯಸ್ಸು.

ಇನ್ನು ಕಾನೂನು. ಎಚ್‌ಪಿವಿ ಅಧ್ಯಯನದ ಆ ವರ್ಷಗಳ ಗಲಾಟೆ, ಸುಪ್ರೀಂ ಕೋರ್ಟಿನ ಚಾಟಿ, ಇವೆಲ್ಲ ಆದಮೇಲೆ 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ತಂದಿತು. ನೋಂದಾಯಿತ ಎಥಿಕ್ಸ್ ಕಮಿಟಿ ಒಪ್ಪದೆ ಟ್ರಯಲ್ ಶುರುವಾಗುವಂತಿಲ್ಲ. ಆ ಕಮಿಟಿಯಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಕಾನೂನು ಬಲ್ಲವರೊಬ್ಬರು, ಜನಸಾಮಾನ್ಯರೊಬ್ಬರು, ಕಡೇಪಕ್ಷ ಒಬ್ಬ ಮಹಿಳೆ ಇರಲೇಬೇಕು. ಟ್ರಯಲ್‌ನಿಂದ ಮಗುವಿಗೆ ತೊಂದರೆಯಾದರೆ ಚಿಕಿತ್ಸೆ ಉಚಿತ, ಟ್ರಯಲ್ಲೇ ಕಾರಣವೆಂದು ತೀರ್ಮಾನವಾದರೆ ಪರಿಹಾರ. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಡಾಕ್ಟರು ಸರ್ಕಾರಕ್ಕೂ ಕಮಿಟಿಗೂ ತಿಳಿಸಬೇಕು. ಹೊಸ ಔಷಧಿಯಾದರೆ ಒಪ್ಪಿಗೆ ಪಡೆಯುವಾಗ ಕ್ಯಾಮೆರಾ ಇಟ್ಟಿರಬಹುದು. ಅದನ್ನು ಕಂಡು ಗಾಬರಿಯಾಗಬೇಡಿ. ನಿಮಗೆ ಸರಿಯಾಗಿ ವಿವರಿಸಿದರೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿ. ಹಾಗಾಗಿ ಕ್ಯಾಮೆರಾ ಮುಂದೆಯೇ ಪ್ರಶ್ನೆ ಕೇಳಿ. ಕಾಗದ ಕನ್ನಡದಲ್ಲೇ ಇರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅಲ್ಲೇ ನಿಂತು ಸಹಿ ಹಾಕಿ ಎಂದರೆ ‘ಮನೆಗೆ ಹೋಗಿ ಓದಿಕೊಂಡು ಬರ್ತೀವಿ’ ಎನ್ನಿ. ಅದಕ್ಕೆ ಯಾರಾದರೂ ಮುಖ ಗಂಟಿಕ್ಕಿದರೆ, ಆ ಟ್ರಯಲ್ ಬಗ್ಗೆ ಅಷ್ಟು ತಿಳಿದರೆ ಸಾಕು.

ಊರಿಗೆ ಬಂದ ಮೇಲೆ ಯಾರಾದರೂ ಓದಿದ ಹುಡುಗರ ಕೈಲಿ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆಸಿ. 2007ರಲ್ಲಿ ಶುರುವಾದ ಈ ಪಟ್ಟಿಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಕಾಗದದ ಮೇಲಿರುವ ಸಿಟಿಆರ್‌ಐ ನಂಬರ್ ಹಾಕಿದರೆ ಯಾವ ಆಸ್ಪತ್ರೆ, ಯಾವ ವಯಸ್ಸಿನ ಮಕ್ಕಳು, ಪ್ಲಸೀಬೊ ಇದೆಯೋ ಇಲ್ಲವೋ, ದುಡ್ಡು ಹಾಕುತ್ತಿರುವವರು ಯಾರು, ಎಲ್ಲ ಬರುತ್ತದೆ. ನಂಬರ್ ಇಲ್ಲದ ಟ್ರಯಲ್ ಆದರೆ ಮಾತು ಅಲ್ಲಿಗೇ ಮುಗಿಯಿತು.

ಯಜಮಾನರ ‘ಫ್ರೀ’ ಬಗ್ಗೆ. ಮಗ್ಗ ನಿಂತರೆ ಆ ದಿನದ ಕೂಲಿ ಇಲ್ಲ ಎನ್ನುವ ಮನೆಯಲ್ಲಿ ಔಷಧಿ ಪುಕ್ಕಟೆ ಎಂಬ ಮಾತಿಗೆ ಎಷ್ಟು ತೂಕವಿದೆ ಎಂದು ನನಗೆ ಗೊತ್ತು. ಅದಕ್ಕೆ ಅವರನ್ನು ದೂರುವುದಿಲ್ಲ. ಆದರೆ ಟ್ರಯಲ್ ಒಂದು ದಿನ ಮುಗಿಯುತ್ತದೆ. ಔಷಧಿ ಹಿಡಿದಿದ್ದರೆ, ಬೇರೆ ದಾರಿ ಇಲ್ಲದಿದ್ದರೆ, ಎಥಿಕ್ಸ್ ಕಮಿಟಿ ಒಪ್ಪಿದರೆ ಆಮೇಲೂ ಉಚಿತವಾಗಿ ಕೊಡಲು ನಿಯಮದಲ್ಲಿ ಅವಕಾಶವಿದೆ. ಅವಕಾಶ ಅಷ್ಟೆ, ಗ್ಯಾರಂಟಿ ಅಲ್ಲ. ‘ಮುಗಿದ ಮರುದಿನ ನಮ್ಮ ಹುಡುಗನಿಗೆ ಏನು ಕೊಡ್ತೀರಿ?’ ಎಂಬ ಪ್ರಶ್ನೆಯನ್ನು ಯಜಮಾನರ ಬಾಯಲ್ಲೇ ಕೇಳಿಸಿ. ಓಡಾಟದ ಖರ್ಚು, ಹೋದ ಕೂಲಿ ಕೊಡುವ ಪದ್ಧತಿಯೂ ಉಂಟು, ಅದನ್ನೂ ಕೇಳಿ. ಆಸ್ಪತ್ರೆಗೆ ಓಡಾಡಲು ಬಸ್ಸಿಗಿಂತ ರೈಲು ವಾಸಿ. ದೊಡ್ಡಬಳ್ಳಾಪುರದಿಂದ ಹೊರಟ ಬಸ್ಸು ರಾಜಾನುಕುಂಟೆ ದಾಟುವಷ್ಟರಲ್ಲಿ ಅರ್ಜೆಂಟ್ ಆದರೆ ಆ ಹುಡುಗನ ಪಾಡೇನು?

ಕೊನೆಗೆ ಮಗ. ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವನದೊಂದಿಲ್ಲ. ಹದಿಮೂರರ ಹುಡುಗ ಸುಮ್ಮನಿದ್ದಾನೆ ಎಂದರೆ ಒಪ್ಪಿದ್ದಾನೆ ಎಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಏಳರಿಂದ ಹನ್ನೆರಡರ ಮಕ್ಕಳ ಸಮ್ಮತಿಯನ್ನು ಬಾಯಿಮಾತಿನಲ್ಲಿ, ಹನ್ನೆರಡು ದಾಟಿದವರದನ್ನು ಬರವಣಿಗೆಯಲ್ಲಿ ಪಡೆಯಬೇಕು. ಅವನಿಗೂ ಒಂದು ಕಾಗದ ಬರುತ್ತದೆ, ಅದಕ್ಕೆ ಅವನದೇ ಸಹಿ. ನೀವಿಬ್ಬರೂ ಒಪ್ಪಿ ಅವನು ಬೇಡ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು. ಸೇರಿದ ಮೇಲೆ ನಡುವೆ ಬಿಟ್ಟು ಬರುವುದಕ್ಕೂ ಅಡ್ಡಿಯಿಲ್ಲ, ಅದರಿಂದ ಅದೇ ಡಾಕ್ಟರ ಹತ್ತಿರ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ. ಇದನ್ನು ಅವನಿಗೆ ಹೇಳಿದ್ದೀರಾ? ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಕರೆಂಟ್ ಹೋಗಿ ಮಗ್ಗದ ಸದ್ದು ನಿಂತ ಹೊತ್ತಿನಲ್ಲಿ, ಇಬ್ಬರೂ ಕಂಡಿಕೆ ಸುತ್ತುತ್ತಾ ಕೂತಾಗ ಮಾತು ತೆಗೆಯಿರಿ. ಟ್ರಯಲ್ ಬಗ್ಗೆ ಅಲ್ಲ, ಶಾಲೆಯ ಬಗ್ಗೆ. ಕ್ಲಾಸಿನ ನಡುವೆ ಟಾಯ್ಲೆಟ್‌ಗೆ ಕಳಿಸುತ್ತಾರಾ, ಅಲ್ಲಿ ನೀರು ಬರುತ್ತಾ, ‘ಬನ್ನು’ ಅನ್ನುವುದು ನಿಂತಿದೆಯಾ. ಅವನು ಹೆದರಿರುವುದು ಔಷಧಿಗೋ ಮತ್ತೆ ಮುಖ ಊದುವುದಕ್ಕೋ ಎಂಬುದು ಅಲ್ಲಿ ಹೊರಬರುತ್ತದೆ. ಮುಂದಿನ ಸಲ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಅವನೊಬ್ಬನನ್ನೇ ಡಾಕ್ಟರ ಜೊತೆ ಬಿಟ್ಟು ನೀವು ಹೊರಗೆ ಕೂತಿರಿ.

ಅತ್ತೆಯವರನ್ನೂ ಒಮ್ಮೆ ಕರೆದುಕೊಂಡು ಹೋಗಿ, ಡಾಕ್ಟರನ್ನು ಅವರೇ ಬೈಯಲಿ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದರೆ ತೀರಿಸಲಿ, ಅದರಿಂದ ಯಾವ ಟ್ರಯಲ್ಲೂ ಕೆಡುವುದಿಲ್ಲ. ಆದರೆ ಯಾರದೋ ಮಾತು ಕೇಳಿ ನಾಟಿ ಔಷಧಿ, ಕಷಾಯ ಏನಾದರೂ ಗುಟ್ಟಾಗಿ ಕುಡಿಸುತ್ತಿದ್ದರೆ ಅದನ್ನು ಡಾಕ್ಟರಿಗೆ ಇವತ್ತೇ ಹೇಳಿ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ದಿನದಿಂದ ಕೆಮ್ಮಿದ್ದರೆ ಅದನ್ನೂ ಹೇಳಿ, ಮೊದಲು ಅವರ ಕಫ ಪರೀಕ್ಷೆ ಮಾಡಿಸಿ. ಮಗ ಈಗ ತೆಗೆದುಕೊಳ್ಳುತ್ತಿರುವ ಇಂಜೆಕ್ಷನ್ ಟಿಬಿ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಟ್ರಯಲ್ ಬೇಕೋ ಬೇಡವೋ ಎಂಬುದು ಇನ್ನೆರಡು ವಾರ ಕಾಯಬಹುದು, ಇದು ಕಾಯುವುದಿಲ್ಲ.